ನಾಯಕರೆಲ್ಲ ಪಕ್ಕವಾದ್ಯಕ್ಕೆ ನಿಂತ ದಿನ



ಒಂದೇ ವೇದಿಕೆಯ ಮೇಲೆ ಹಲವು ಮಂದಿ ಪ್ರಸಿದ್ಧ ಕಲಾವಿದರು ಕೂಡುವರೆಂಬ ಪ್ರಕಟಣೆಯನ್ನು ಓದಿದೊಡನೆ ರಸಿಕರ ಮನಸ್ಸಿನಲ್ಲಿ ಉತ್ಸಾಹ ಮೂಡುವುದು ಸಹಜವೇ ಆದರೂ, ಸಂಗೀತವನ್ನು ಬಹುಕಾಲ ಕೇಳಿ ಪಳಗಿದವರ ಅಂತರಂಗದಲ್ಲಿ ಅದರ ಬೆನ್ನಿಗೇ ಒಂದು ಶಂಕೆಯೂ ತಲೆದೋರುವುದುಂಟು. ಹೆಸರುಗಳು ಕೂಡಿದ ಮಾತ್ರಕ್ಕೆ ನಾದವೂ ಕೂಡೀತೆಂಬ ಭರವಸೆ ಯಾರಿಗೂ ಇಲ್ಲ. ಇಬ್ಬರು ಹಿರಿಯ ವಿದ್ವಾಂಸರು ಜೊತೆಗೂಡಿ ಕುಳಿತಾಗ ರಾಗವು ಇಬ್ಬರ ನಡುವೆ ಎಳೆದಾಟಕ್ಕೆ ಸಿಕ್ಕಿ ಬಳಲಿದುದನ್ನೂ, ಲಯವಾದ್ಯದವರು ಗಾಯಕರನ್ನು ಮೀರಿಸುವ ಹಟಕ್ಕೆ ಬಿದ್ದು ಪಲ್ಲವಿಯನ್ನೇ ಮುಳುಗಿಸಿಬಿಟ್ಟುದನ್ನೂ ನಮ್ಮ ಕಛೇರಿಗಳಲ್ಲಿ ಕೇಳದವರು ವಿರಳ. ಹಾಗಾದರೆ ಇಂಥ ಕೂಟ ಫಲಿಸುವುದು ಯಾವಾಗ? ನಾಯಕಸ್ಥಾನದಲ್ಲಿ ಕೂರಬಲ್ಲವನು, ಕೂತು ಗೆದ್ದವನು, ಇನ್ನೊಬ್ಬನ ಪಕ್ಕವಾದ್ಯಕ್ಕೆ ಮನಃಪೂರ್ವಕವಾಗಿ ಒಪ್ಪಿ ನಿಂತಾಗ ಮಾತ್ರ ಎಂಬುದು ನನ್ನ ದೃಢವಾದ ನಂಬಿಕೆ. ಈ ನಂಬಿಕೆಗೆ ನನಗೆ ದೊರೆತಿರುವ ಅತ್ಯುತ್ತಮ ನಿದರ್ಶನವು ನಮ್ಮ ಸಂಗೀತಸಭೆಗಳಿಂದ ಬಂದುದಲ್ಲ. ಬಹು ದೂರದ ನ್ಯೂಯಾರ್ಕ್ ನಗರದಲ್ಲಿ ನಡೆದ ಒಂದು ರಾಕ್ ಸಂಗೀತಕೂಟದಿಂದ ಬಂದುದು.

ರಾಕ್ ಎಂದೊಡನೆ ಕಿವಿಯನ್ನು ಮುಚ್ಚಿಕೊಳ್ಳಬೇಕೆಂದು ತೋರುವ ಹಿರಿಯರು ಈ ಭಾಷಣವನ್ನು ಕೇಳುತ್ತಿರುವವರಲ್ಲಿ ಇದ್ದಾರು. ಅವರಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ವಿದ್ಯುತ್ತಿನಿಂದ ಹಿಗ್ಗಿಸಿದ ಗಿಟಾರಿನ ಧ್ವನಿಯೂ, ಜೋಡಿ ಡ್ರಮ್ಮುಗಳ ಗರ್ಜನೆಯೂ ಮೊದಮೊದಲು ಗದ್ದಲವಾಗಿ ಕೇಳಿಸಿದರೂ, ಅದರೊಳಗೆ ಯಾರು ಯಾರಿಗೆ ದಾರಿ ಬಿಡುತ್ತಿದ್ದಾರೆ, ಯಾರು ಯಾರ ಸ್ವರಕ್ಕೆ ಕಾದು ನಿಂತಿದ್ದಾರೆ ಎಂಬುದನ್ನು ಹಿಂಬಾಲಿಸುವ ಕಿವಿ ಒಮ್ಮೆ ತೆರೆದರೆ, ಆ ಗದ್ದಲದಲ್ಲಿಯೂ ಸೌಜನ್ಯದ ಒಂದು ವ್ಯಾಕರಣ ಸ್ಪಷ್ಟವಾಗುತ್ತದೆ. ನಾನು ಆ ಕೂಟವನ್ನು ಬಲ್ಲುದು ಅದರ ಮೂರು ಧ್ವನಿಮುದ್ರಿಕೆಗಳ ಮೂಲಕ ಮತ್ತು ಅದನ್ನು ಕುರಿತ ಚಲನಚಿತ್ರದ ಮೂಲಕ. ಈ ಕಾಲಾವಧಿಯಲ್ಲಿ ನಿಮ್ಮನ್ನೂ ಆ ಸಭಾಂಗಣದ ಒಂದು ಆಸನದಲ್ಲಿ ಕೂರಿಸಬೇಕೆಂಬುದು ನನ್ನ ಆಸೆ.

1971ನೆಯ ಇಸವಿಯ ಆಗಸ್ಟ್ ತಿಂಗಳ ಮೊದಲನೆಯ ದಿನ, ಭಾನುವಾರ. ಸ್ಥಳ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಹೆಸರಿನಲ್ಲಿ ಉದ್ಯಾನವಿದ್ದರೂ ಅದು ಸುಮಾರು ಇಪ್ಪತ್ತು ಸಾವಿರ ಜನ ಹಿಡಿಸುವ ಒಳಾಂಗಣ ಕ್ರೀಡಾಮಂದಿರ. ಅದೇ ವರ್ಷದ ಮಾರ್ಚಿನಲ್ಲಿ ಮುಹಮ್ಮದ್ ಅಲಿ ಮತ್ತು ಜೋ ಫ್ರೇಜಿಯರರ ಮುಷ್ಟಿಯುದ್ಧ ನಡೆದುದು ಅಲ್ಲಿಯೇ. ಸೂಕ್ಷ್ಮವಾದ ಸಂಗೀತಕ್ಕೆ ಹೇಳಿ ಕಟ್ಟಿಸಿದ ಕಟ್ಟಡ ಅದಲ್ಲ. ಒಂದು ಪ್ರದರ್ಶನವೆಂದು ಪ್ರಕಟವಾಗಿ, ಚೀಟಿಗಳು ಕ್ಷಿಪ್ರವಾಗಿ ತೀರಿಹೋದುದರಿಂದ ಎರಡನೆಯದನ್ನೂ ಸೇರಿಸಬೇಕಾಯಿತು: ಮಧ್ಯಾಹ್ನ ಎರಡೂವರೆಗೆ ಒಂದು, ರಾತ್ರಿ ಎಂಟಕ್ಕೆ ಇನ್ನೊಂದು. ಎರಡಕ್ಕೂ ಸೇರಿ ಸುಮಾರು ನಲವತ್ತು ಸಾವಿರ ಜನ ಬಂದರು.

ಇದರ ಮೂಲದಲ್ಲಿದ್ದುದು ಬಂಗಾಳದ ದುಃಖ. 1970ರ ನವೆಂಬರಿನಲ್ಲಿ ಪೂರ್ವ ಬಂಗಾಳದ ಕರಾವಳಿಯನ್ನು ಹೊಡೆದ ಚಂಡಮಾರುತವು ಲಕ್ಷಗಟ್ಟಲೆ ಪ್ರಾಣಗಳನ್ನು ಸೆಳೆದೊಯ್ದಿತು. ಆ ಕಣ್ಣೀರು ಆರುವ ಮುನ್ನ, 1971ರ ಮಾರ್ಚ್ 25ರ ರಾತ್ರಿ ಪಾಕಿಸ್ತಾನದ ಸೇನೆ ಢಾಕಾದಲ್ಲಿ ಆರಂಭಿಸಿದ ಹತ್ಯಾಕಾಂಡದಿಂದ ದಿಕ್ಕೆಟ್ಟ ಜನ ಗಡಿಯನ್ನು ದಾಟಿ ಭಾರತಕ್ಕೆ ಹರಿದುಬಂದರು. ವರ್ಷ ಮುಗಿಯುವ ಹೊತ್ತಿಗೆ ನಿರಾಶ್ರಿತರ ಸಂಖ್ಯೆ ಕೋಟಿಯನ್ನು ಸಮೀಪಿಸಿತು. ಪಂಡಿತ ರವಿಶಂಕರರು ಆಗ ಅಮೆರಿಕದಲ್ಲಿದ್ದರು. ಕಾಶಿಯಲ್ಲಿ ಹುಟ್ಟಿದವರಾದರೂ ಅವರ ಪಿತೃಗಳ ಊರು ಪೂರ್ವ ಬಂಗಾಳದ ನಡಾಯಿಲ್ ಸೀಮೆಯಲ್ಲಿತ್ತು. ಅವರ ಗುರುಗಳಾದ ಅಲ್ಲಾವುದ್ದೀನ್ ಖಾನರ ಮೂಲವೂ ಪೂರ್ವ ಬಂಗಾಳವೇ. ಗುರುಪುತ್ರ ಅಲೀ ಅಕ್ಬರ್ ಖಾನರು ಜನಿಸಿದುದೂ ಆ ನೆಲದಲ್ಲಿಯೇ. ಪತ್ರಿಕೆಗಳಲ್ಲಿ ಅಂಕಿಗಳಾಗಿ ಬರುತ್ತಿದ್ದ ಜನ ರವಿಶಂಕರರಿಗೆ ಬಂಧುಗಳು, ಮಿತ್ರರು, ತಮ್ಮ ಗುರುಮನೆಯ ನೆರೆಹೊರೆಯವರು. ಒಂದು ಕಛೇರಿ ಮಾಡಿ ಇಪ್ಪತ್ತೈದು ಸಾವಿರ ಡಾಲರುಗಳಷ್ಟನ್ನಾದರೂ ಕೂಡಿಸಿ ಕಳುಹಿಸೋಣವೆಂಬುದು ಅವರ ಮೊದಲ ಯೋಚನೆ. ಈ ಸಂಕಟವನ್ನು ಅವರು ತೋಡಿಕೊಂಡುದು ಶಿಷ್ಯನೂ ಸ್ನೇಹಿತನೂ ಆದ ಜಾರ್ಜ್ ಹ್ಯಾರಿಸನ್ನರಲ್ಲಿ.

ಹ್ಯಾರಿಸನ್ನರು ಜಗದ್ವಿಖ್ಯಾತವಾದ ಬೀಟಲ್ಸ್ ತಂಡದ ನಾಲ್ವರಲ್ಲಿ ವಯಸ್ಸಿನಿಂದ ಕಿರಿಯರು, ಸ್ವಭಾವದಿಂದ ಸಂಕೋಚಶೀಲರು. 1966ರಲ್ಲಿ ರವಿಶಂಕರರನ್ನು ಕಂಡು, ಆ ವರ್ಷವೇ ಭಾರತಕ್ಕೆ ಬಂದು ಅವರಲ್ಲಿ ಸಿತಾರ್ ಅಭ್ಯಾಸ ಮಾಡಿದ್ದರು. ಬೀಟಲ್ಸ್ ತಂಡವು ಅದೇ 1966ರ ಆಗಸ್ಟಿನ ನಂತರ ಸಾರ್ವಜನಿಕ ಸಂಚಾರವನ್ನು ಕೈಬಿಟ್ಟಿತ್ತು. 1970ರಲ್ಲಿ ತಂಡವೇ ಒಡೆಯಿತು. ವೇದಿಕೆಯ ನಡುವೆ ಒಬ್ಬರೇ ನಿಂತು ಕೂಟವೊಂದನ್ನು ನಡೆಸಿದ ಅನುಭವ ಹ್ಯಾರಿಸನ್ನರಿಗೆ ಇರಲಿಲ್ಲ. ಆದರೂ ಗುರುವಿನ ಮಾತನ್ನು ಕೇಳಿದವರು ಮರುಮಾತಿಲ್ಲದೆ ಒಪ್ಪಿ, ವಾರಗಟ್ಟಲೆ ದೂರವಾಣಿಯ ಮುಂದೆ ಕುಳಿತು, ಬಲ್ಲ ಸಂಗೀತಗಾರರನ್ನೆಲ್ಲ ಒಬ್ಬೊಬ್ಬರಾಗಿ ಕರೆದರು. ಕರೆಯಲ್ಲಿ ಹಣದ ಮಾತು ಇರಲಿಲ್ಲ. ಬಂದವರು ಸಂಭಾವನೆ ಇಲ್ಲದೆಯೇ ಬಂದರು.

ಬಂದವರು ಯಾರು ಯಾರು ಎಂಬುದನ್ನು ಹೇಳುವಾಗ ಆಗಿನ ಅವರ ಸ್ಥಿತಿಯನ್ನೂ ಹೇಳಬೇಕು, ಏಕೆಂದರೆ ಆ ದಿನದ ನಿಜವಾದ ಬೆಲೆ ತಿಳಿಯುವುದು ಅದರಿಂದ. ಎರಿಕ್ ಕ್ಲಾಪ್ಟನ್ನರು ಗಿಟಾರ್ ವಾದನದಲ್ಲಿ ಆ ಪೀಳಿಗೆಗೆ ಆದರ್ಶವೆನಿಸಿದ್ದವರು. ಆದರೆ ಆಗ ಹೆರಾಯಿನ್ ಎಂಬ ಮಾರಕ ಮಾದಕದ ಸೆರೆಯಲ್ಲಿದ್ದು, ಅಭ್ಯಾಸದ ದಿನಗಳು ಕಳೆಯುತ್ತ ಬಂದರೂ ಕಾಣಿಸಿಕೊಳ್ಳಲಿಲ್ಲ. ಅವರು ಬಾರದೆ ಹೋದರೆ ಏನು ಗತಿಯೆಂದು ಜೆಸ್ಸಿ ಎಡ್ ಡೇವಿಸ್ ಎಂಬ ಸಮರ್ಥ ವಾದಕರನ್ನು ಸಿದ್ಧಪಡಿಸಲಾಯಿತು. ಬಾಬ್ ಡಿಲನ್ನರು 1966ರ ಮೋಟಾರ್ ಸೈಕಲ್ ಅಪಘಾತದ ನಂತರ ಜನರ ಕಣ್ಣಿನಿಂದ ಮರೆಯಾದಂತಿದ್ದು, ಅಪರೂಪಕ್ಕೊಮ್ಮೆ ಮಾತ್ರ ವೇದಿಕೆ ಏರುತ್ತಿದ್ದರು. ಬೀಟಲ್ಸ್ ತಂಡದ ಮಿಕ್ಕ ಮೂವರಲ್ಲಿ ಬಂದವರು ಡ್ರಮ್ ವಾದಕ ರಿಂಗೋ ಸ್ಟಾರ್ ಒಬ್ಬರೇ. ಆರ್ಗನ್ ನುಡಿಸಲು ಬಿಲಿ ಪ್ರೆಸ್ಟನ್, ಪಿಯಾನೋಗೆ ಲಿಯನ್ ರಸೆಲ್, ಬೇಸ್ ಗಿಟಾರಿಗೆ ಹ್ಯಾಂಬರ್ಗಿನ ದಿನಗಳ ಹಳೆಯ ಗೆಳೆಯ ಕ್ಲಾಸ್ ಫೋರ್ಮನ್, ಇನ್ನೊಂದು ಡ್ರಮ್ಮಿಗೆ ಜಿಮ್ ಕೆಲ್ಟ್ನರ್, ಜಿಮ್ ಹಾರ್ನ್ ಅವರ ಮುಂದಾಳುತನದಲ್ಲಿ ಒಂದು ತುತ್ತೂರಿಮೇಳ, ಹಿನ್ನೆಲೆಗೆ ಗಾಯಕರ ಒಂದು ಗುಂಪು. ಇಷ್ಟಲ್ಲದೆ ಬ್ಯಾಡ್‌ಫಿಂಗರ್ ತಂಡದವರು ಬಂದು ಸಾಮಾನ್ಯ ಮರದ ಗಿಟಾರುಗಳನ್ನು ಹಿಡಿದು ಪಕ್ಕದಲ್ಲಿ ನಿಂತರು. ಆ ದೊಡ್ಡ ಧ್ವನಿಯಲ್ಲಿ ತಮ್ಮ ಕೈಯ ಕೆಲಸ ಬೇರೆಯಾಗಿ ಕೇಳಿಸದೆಂಬುದು ಅವರಿಗೆ ಗೊತ್ತಿತ್ತು. ಸ್ವಂತ ಹೆಸರು, ಸ್ವಂತ ಗೀತೆಗಳು ಇದ್ದವರು ಹೀಗೆ ಕೇಳಿಸದ ಕೆಲಸಕ್ಕೆ ಒಪ್ಪಿದುದನ್ನು ನಾನು ಸಣ್ಣ ವಿಷಯವೆಂದು ಎಣಿಸಲಾರೆ.

ಈಗ ಸಭೆ ತುಂಬಿದೆಯೆಂದು ಭಾವಿಸಿಕೊಳ್ಳಿ. ಯುವಕರೂ ಯುವತಿಯರೂ ಕಾತರದಿಂದ ಕಾದಿದ್ದಾರೆ. ಬಹುಮಂದಿ ಬಂದಿರುವುದು ಹಳೆಯ ಬೀಟಲ್ ಒಬ್ಬನನ್ನು ಕಣ್ಣಾರೆ ಕಾಣಬೇಕೆಂದು. ಹ್ಯಾರಿಸನ್ನರು ಮುಂದೆ ಬಂದರು, ಆದರೆ ಹಾಡಲಿಲ್ಲ. ಮೊದಲ ಭಾಗ ಭಾರತೀಯ ಸಂಗೀತವೆಂದೂ, ಅದು ತಮ್ಮ ಸಂಗೀತಕ್ಕಿಂತ ಗಂಭೀರವಾದುದೆಂದೂ, ದಯವಿಟ್ಟು ಸಮಾಧಾನದಿಂದ ಕುಳಿತು ಕೇಳಬೇಕೆಂದೂ ಕೇಳಿಕೊಂಡು, ರವಿಶಂಕರರನ್ನೂ ಅಲೀ ಅಕ್ಬರರನ್ನೂ, ತಬಲಾಕ್ಕೆ ಅಲ್ಲಾ ರಖಾರನ್ನೂ, ತಂಬೂರಕ್ಕೆ ಕಮಲಾ ಚಕ್ರವರ್ತಿಯವರನ್ನೂ ಪರಿಚಯಿಸಿ ಹಿಂದೆ ಸರಿದರು. ಕೂಟದ ಕೇಂದ್ರವ್ಯಕ್ತಿಯು ತನ್ನನ್ನೇ ನೋಡಲು ಬಂದ ಜನರ ಮುಂದೆ ಅಗ್ರಪೂಜೆಯನ್ನು ಗುರುವಿಗೆ ಸಲ್ಲಿಸಿದುದು ಹೀಗೆ. ರವಿಶಂಕರರು ಬಹಳ ಮಾತಾಡಲಿಲ್ಲ. ತಾವು ಕಲಾವಿದರು, ರಾಜಕಾರಣ ತಮ್ಮ ಉದ್ದೇಶವಲ್ಲ, ಬಾಂಗ್ಲಾದೇಶದ ವೇದನೆಯನ್ನು ಸಂಗೀತದ ಮೂಲಕ ನೀವು ಅನುಭವಿಸಬೇಕೆಂಬುದೇ ತಮ್ಮ ಅಭಿಲಾಷೆ ಎಂದರು. ವಾದನ ನಡೆಯುವಾಗ ಧೂಮಪಾನ ಬೇಡವೆಂದು ವಿನಯದಿಂದ ಬೇಡಿಕೊಂಡರು. ನಾಲ್ಕು ವರ್ಷಗಳ ಹಿಂದೆ ಮಾಂಟೆರೆಯ ಉತ್ಸವದಲ್ಲಿಯೂ, ಎರಡು ವರ್ಷಗಳ ಹಿಂದೆ ವುಡ್‌ಸ್ಟಾಕಿನ ಮಳೆ ಕೆಸರುಗಳಲ್ಲಿಯೂ ನುಡಿಸಿದ್ದ ಅವರಿಗೆ ಇಂಥ ಸಭೆಗಳ ಪ್ರೀತಿಯೂ ಗೊತ್ತಿತ್ತು, ಅವಿಧೇಯತೆಯೂ ಗೊತ್ತಿತ್ತು.

ಬಳಿಕ ವಾದ್ಯಗಳ ಶ್ರುತಿ ಕೂಡಿಸುವಿಕೆ ನಡೆಯಿತು. ಸಿತಾರಿಗೂ ಸರೋದಿಗೂ ನುಡಿಸುವ ತಂತಿಗಳಲ್ಲದೆ ಅವುಗಳ ಕೆಳಗೆ ಅನುರಣನದ ತಂತಿಗಳೂ ಇರುತ್ತವೆ. ದೀಪಗಳ ಕಾವಿಗೆ, ಸಭಾಂಗಣದ ತಣ್ಪಿಗೆ ಅವು ಅತ್ತಿತ್ತ ಸರಿಯುತ್ತವೆ. ಒಂದೊಂದನ್ನೂ ತಿರುಪಿ, ಮೀಟಿ, ಕಿವಿಗೊಟ್ಟು ಸರಿಪಡಿಸಬೇಕು. ಹೀಗೆ ಒಂದೂವರೆ ನಿಮಿಷದ ಕಾಲ ನಡೆದು ತಂತಿಗಳು ಸುಮ್ಮನಾದಾಗ, ಅದೇ ಒಂದು ಕೃತಿಯೆಂದು ಭಾವಿಸಿದ ಸಭೆ ಕರತಾಡನದಿಂದ ಮೊರೆಯಿತು. ರವಿಶಂಕರರು ವಂದಿಸಿ, ಶ್ರುತಿ ಕೂಡಿಸಿದುದೇ ನಿಮಗೆ ಇಷ್ಟು ಹಿಡಿಸಿದ್ದರೆ ವಾದನ ಇನ್ನೂ ಹೆಚ್ಚು ಹಿಡಿಸೀತೆಂದು ಆಶಿಸುವೆನು ಎಂದರು. ಈ ಪ್ರಸಂಗವನ್ನು ಲೋಕವು ನಗೆಚಾಟಿಕೆಯಾಗಿ ಹೇಳಿಕೊಂಡು ಬಂದಿದೆ. ನನಗೆ ಅದರಲ್ಲಿ ನಗುವುದಕ್ಕೆ ಏನೂ ಕಾಣುವುದಿಲ್ಲ. ಪರಿಚಯವಿಲ್ಲದ ಸಂಗೀತದ ಮುಂದೆ ಕುಳಿತು, ಕೃತಿ ಯಾವುದು ಸಿದ್ಧತೆ ಯಾವುದು ಎಂದು ಅರಿಯದ ಸಾವಿರಾರು ಎಳೆಯರು ಒಂದೂವರೆ ನಿಮಿಷ ತಂತಿಗಳ ಸದ್ದನ್ನೇ ಭಕ್ತಿಯಿಂದ ಆಲಿಸಿದರೆಂಬುದು ಗೌರವಕ್ಕೆ ಅರ್ಹವಾದ ಸಂಗತಿ. ಶ್ರುತಿ ಸೇರಿದ ಕ್ಷಣದ ಸುಖವನ್ನು ಅವರು ಹೆಸರು ತಿಳಿಯದೆಯೇ ಗುರುತಿಸಿದರೆಂದೂ ಹೇಳಬಹುದು. ಬರಿಯ ಷಡ್ಜಪಂಚಮಗಳು ನಿಂತು ಮೊಳಗಿದಾಗ ಮೈ ಜುಮ್ಮೆನ್ನುವ ಅನುಭವ ನಮ್ಮವರಿಗೇನು ಹೊಸದೆ?

ಅನಂತರ ನುಡಿಸಿದುದು 'ಬಾಂಗ್ಲಾ ಧುನ್' ಎಂಬ ರಚನೆ. ಬಂಗಾಳದ ಜನಪದ ಧಾಟಿಯ ಮೇಲೆ ಕಟ್ಟಿದ್ದು. ಮೊದಲು ಆರು ಮಾತ್ರೆಗಳ ದಾದ್ರಾ ತಾಳದಲ್ಲಿ ತೂಗಿ, ತರುವಾಯ ಹದಿನಾರು ಮಾತ್ರೆಗಳ ತೀನ್‌ತಾಳದಲ್ಲಿ ದ್ರುತಗತಿಗೆ ಏರುತ್ತದೆ. ಇದರ ಧ್ವನಿಮುದ್ರಿಕೆಯನ್ನು ಕೇಳುವವರು ಮುಖ್ಯವಾಗಿ ಗಮನಿಸಬೇಕಾದುದು ಸಿತಾರ್ ಸರೋದುಗಳ ಪರಸ್ಪರ ವರ್ತನೆಯನ್ನು. ಒಂದೇ ಗುರುವಿನ ಮುಂದೆ, ಮೈಹರಿನ ಒಂದೇ ಮನೆಯಲ್ಲಿ, ಯೌವನವನ್ನು ಸವೆಸಿ ಕಲಿತ ಇಬ್ಬರವು. ಸಿತಾರಿನ ನಾದ ತೆಳುವಾಗಿ ಮಿನುಗುವಂಥದು. ಸರೋದಿನದು ತೊಗಲಿನ ಮುಚ್ಚಿಗೆಯ ಮೇಲಿಂದ ಏಳುವ ಆಳವಾದ, ಒರಟೆನ್ನಬಹುದಾದ ದನಿ. ಒಬ್ಬರು ಒಂದು ಪದಪುಂಜವನ್ನು ಎತ್ತಿ ಅರ್ಧದಲ್ಲಿ ಬಿಟ್ಟರೆ ಇನ್ನೊಬ್ಬರು ಅದನ್ನು ಪೂರ್ಣಗೊಳಿಸುತ್ತಾರೆ. ಪೂರ್ಣಗೊಳಿಸಿದೆನೆಂಬ ಜಯಘೋಷ ಅದರಲ್ಲಿ ಕೇಳಿಸದು. ಅಲ್ಲಾ ರಖಾರ ತಬಲಾ ಇಬ್ಬರ ನಡುವೆ ನಿಂತು, ಅವಕಾಶ ಬಂದಾಗ ಮಿಂಚಿ, ಬಾರದಾಗ ಠೇಕಾದ ಸರಳತೆಗೆ ಮರಳುತ್ತದೆ. ಆ ದಿನ ಮುಂದೆ ನಡೆಯಬೇಕಾದ ರಾಕ್ ಭಾಗಕ್ಕೆಲ್ಲ ಈ ಹದಿನೈದು ಹದಿನಾರು ನಿಮಿಷಗಳು ಒಂದು ಮೇಲ್ಪಂಕ್ತಿಯನ್ನು ಹಾಕಿಕೊಟ್ಟವೆಂಬುದು ನನ್ನ ಅಭಿಪ್ರಾಯ. ಒಳಗೆ ಕಾದಿದ್ದ ಗಿಟಾರಿಗರು ಇದನ್ನು ಕೇಳಿ ಏನೆಂದುಕೊಂಡರೋ, ಆದರೆ ಹೊರಗೆ ಬಂದ ಮೇಲೆ ಅವರು ನಡೆದುಕೊಂಡುದು ಈ ರೀತಿಯಲ್ಲೇ.

ಎರಡು ಭಾಗಗಳ ನಡುವೆ ಬಂಗಾಳದ ಸಂಕಟದ ಚಲಚ್ಚಿತ್ರವನ್ನು ಸಭೆಗೆ ತೋರಿಸಲಾಯಿತು. ಆಗ ಬಾಂಗ್ಲಾದೇಶವೆಂಬ ಹೆಸರನ್ನು ಎತ್ತುವುದೇ ಒಂದು ಧೈರ್ಯದ ಕಾರ್ಯವಾಗಿತ್ತೆಂಬುದನ್ನು ಮರೆಯಬಾರದು. ಭಾರತವೇ ಆ ರಾಷ್ಟ್ರಕ್ಕೆ ಮಾನ್ಯತೆ ಕೊಟ್ಟುದು ಡಿಸೆಂಬರ್ 6ರಂದು. ಅಮೆರಿಕದ ಸರ್ಕಾರವಂತೂ ಪಾಕಿಸ್ತಾನದ ಪಕ್ಷಪಾತಿಯಾಗಿತ್ತು. ಅಂಥ ಸಮಯದಲ್ಲಿ, ಆ ದೇಶದ ಅತಿ ದೊಡ್ಡ ನಗರದ ಹೃದಯಭಾಗದಲ್ಲಿ, ಹುಟ್ಟಬೇಕಾಗಿದ್ದ ಒಂದು ರಾಷ್ಟ್ರದ ಹೆಸರನ್ನು ಯುವಜನರ ನಾಲಗೆಗೆ ಒಗ್ಗಿಸಿದುದು ಈ ಸಂಗೀತಕೂಟ.

ಇನ್ನು ರಾಕ್ ಭಾಗ. ಹ್ಯಾರಿಸನ್ನರು ಬಿಳಿಯ ಉಡುಪಿನಲ್ಲಿ ಬಂದು, ತಮ್ಮ ಸ್ವಂತ ಗೀತೆಗಳಲ್ಲಿ ಎರಡು ಮೂರನ್ನು ಹಾಡಿದ ಮೇಲೆ, ಅವಕಾಶವನ್ನು ಅತಿಥಿಗಳಿಗೆ ಒಪ್ಪಿಸತೊಡಗಿದರು. ಬಿಲಿ ಪ್ರೆಸ್ಟನ್ನರು ಕ್ರೈಸ್ತ ಭಜನಾಸಂಪ್ರದಾಯದಿಂದ ಬೆಳೆದುಬಂದವರು. ಆರ್ಗನ್ನಿನ ಮುಂದೆ ಕುಳಿತು ದೈವಸಂಕಲ್ಪವನ್ನು ಕುರಿತ ತಮ್ಮ ಗೀತೆಯನ್ನು ಹಾಡುತ್ತ ಹಾಡುತ್ತ ಆವೇಶ ತುಂಬಿ, ಕೊನೆಗೆ ಪೀಠವನ್ನು ಬಿಟ್ಟೆದ್ದು ವೇದಿಕೆಯ ಮುಂಭಾಗಕ್ಕೆ ಕುಣಿಯುತ್ತ ಬಂದುಬಿಟ್ಟರು. ಹಿಂದಿನ ಮೇಳ ಕ್ಷಣವೂ ಕಕ್ಕಾಬಿಕ್ಕಿಯಾಗದೆ ಅವರ ಹೆಜ್ಜೆಗೆ ಲಯವನ್ನು ಒದಗಿಸಿತು. ರಿಂಗೋ ಸ್ಟಾರರು ಡ್ರಮ್ ನುಡಿಸುತ್ತಲೇ ತಮ್ಮ ಗೀತೆಯನ್ನು ಹಾಡಿದರು. ನಡುವೆ ಸಾಹಿತ್ಯ ಮರೆತರೂ ಸಭೆಯ ವಾತ್ಸಲ್ಯ ಕುಂದಲಿಲ್ಲ. ಪಕ್ಕದ ಡ್ರಮ್ಮಿನ ಮೇಲಿದ್ದ ಕೆಲ್ಟ್ನರರ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ಇಬ್ಬರು ಡ್ರಮ್ ವಾದಕರು ಒಟ್ಟಿಗೆ ನುಡಿಸುವಾಗ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಇಡೀ ಮೇಳ ತೊಡರುತ್ತದೆ. ಕೆಲ್ಟ್ನರರು ತಮ್ಮ ಕೈಚಳಕವನ್ನೆಲ್ಲ ಅಡಗಿಸಿ ಸ್ಟಾರರ ಹೆಜ್ಜೆಯಲ್ಲಿ ಹೆಜ್ಜೆಯಿಟ್ಟ ಕಾರಣ, ಎರಡು ವಾದ್ಯಗಳಿಂದ ಒಂದೇ ದೊಡ್ಡ ವಾದ್ಯದ ಧ್ವನಿ ಹೊರಟಿತು.

ಕ್ಲಾಪ್ಟನ್ನರು ಹಿಂದಿನ ರಾತ್ರಿಯಷ್ಟೇ ಬಂದು ಸೇರಿದ್ದರು. ಹ್ಯಾರಿಸನ್ನರ ಪ್ರಸಿದ್ಧವಾದ ಗಿಟಾರ್ ಗೀತೆ, ತನ್ನ ವಾದ್ಯ ಮೆಲ್ಲಗೆ ಅಳುತ್ತಿದೆಯೆಂಬ ಭಾವದ್ದು, 1968ರಲ್ಲಿ ಮೊದಲು ಮುದ್ರಿತವಾದಾಗ ಅದರ ಮುಖ್ಯ ಗಿಟಾರ್ ಭಾಗವನ್ನು ನುಡಿಸಿದವರು ಈ ಕ್ಲಾಪ್ಟನ್ನರೇ. ಬೀಟಲ್ಸರ ಒಳಮನೆಗೆ ಹೊರಗಿನ ಗಿಟಾರಿಗನೊಬ್ಬನನ್ನು ಕರೆದೊಯ್ದುದು ಆಗ ಸಾಮಾನ್ಯವಾದ ಸಂಗತಿಯಾಗಿರಲಿಲ್ಲ; ಗೆಳೆಯರ ಒಳಜಗಳದಲ್ಲಿ ತನ್ನ ಗೀತೆ ಅನಾದರಕ್ಕೆ ಸಿಕ್ಕಿದಾಗ ಹ್ಯಾರಿಸನ್ನರು ಮಾಡಿದ ಉಪಾಯವದು, ಮತ್ತು ಅತಿಥಿ ಬಂದೊಡನೆ ಮನೆಯವರು ತಂತಾನೆ ಸೌಮ್ಯವಾದರು. ಈಗ ಮೂರು ವರ್ಷಗಳ ಬಳಿಕ ಇಬ್ಬರೂ ಎದುರೆದುರು ನಿಂತು ಅದೇ ಗೀತೆಯನ್ನು ನುಡಿಸಿದರು. ಕ್ಲಾಪ್ಟನ್ನರ ದೇಹ ದುರ್ಬಲವಾಗಿತ್ತು. ಹಿಡಿದಿದ್ದ ಗಿಟಾರೂ ಆ ಗೀತೆಯ ದೀರ್ಘವಾದ ಎಳೆತಗಳಿಗಿಂತ ಜಾಜ್ ಸಂಗೀತಕ್ಕೆ ಹೆಚ್ಚು ಒಗ್ಗುವ ಟೊಳ್ಳುಮೈಯದು. ಮುದ್ರಿತ ಗೀತೆಯ ಪೂರ್ಣತೆಯನ್ನು ಇಲ್ಲಿ ನಿರೀಕ್ಷಿಸಲಾಗದು. ಆದರೆ ಕೊನೆಯ ಭಾಗದಲ್ಲಿ ಎರಡು ಗಿಟಾರುಗಳು ಒಂದರ ಮಾತನ್ನು ಒಂದು ಎತ್ತಿಕೊಳ್ಳುತ್ತ ಹೋಗುವಾಗ, ಬಲವಿದ್ದವನು ಬಲ ಕುಂದಿದವನನ್ನು ಮುಂದಿಟ್ಟುಕೊಂಡು, ಅವನು ತಡವಿದಲ್ಲಿ ಆಧಾರವಾಗಿ, ಅವನು ಏರಿದಲ್ಲಿ ತಾನು ಇಳಿದು ನುಡಿಸಿದ ಬಗೆಯನ್ನು ನಾನು ಎಷ್ಟು ಸಲ ಕೇಳಿದರೂ ತಣಿಯೆನು. ಪೂರ್ಣತೆ ಬೇಕೆಂಬುವರು ಧ್ವನಿಮುದ್ರಣಾಲಯದ ತಟ್ಟೆಗಳನ್ನು ಕೇಳಲಿ. ಸಭೆಗೆ ಹೋಗಿ ಕೂರುವುದು ಇದಕ್ಕಾಗಿ.

ಲಿಯನ್ ರಸೆಲ್ಲರು ತಮ್ಮ ಸರದಿಯಲ್ಲಿ ಸಭೆಯನ್ನು ಕುದಿಯಿಸಿಬಿಟ್ಟರು. ಅದರ ಬೆನ್ನಿಗೆ ಹ್ಯಾರಿಸನ್ನರು ಬ್ಯಾಡ್‌ಫಿಂಗರಿನ ಪೀಟ್ ಹ್ಯಾಮ್ ಒಬ್ಬರನ್ನೇ ಕರೆದುಕೊಂಡು, ಸೂರ್ಯೋದಯದ ತಮ್ಮ ಗೀತೆಯನ್ನು ಎರಡೇ ಮರದ ಗಿಟಾರುಗಳಲ್ಲಿ ನುಡಿಸಿದರು. ಅಷ್ಟು ಹೊತ್ತೂ ದೊಡ್ಡ ಮೇಳದಲ್ಲಿ ಮುಳುಗಿಹೋಗಿದ್ದ ಕೈಗಳಲ್ಲಿ ಒಂದು ಜೊತೆಗೆ ಹೀಗೆ ಸಭೆಯ ಮುಂದೆ ಬೆಳಕು ದೊರೆಯಿತು.

ಆಮೇಲೆ ಡಿಲನ್. ಹಿಂದಿನ ಸಂಜೆ ಬರಿದಾದ ಸಭಾಂಗಣದಲ್ಲಿ ಕ್ಯಾಮರಾಗಳನ್ನೂ ಧ್ವನಿಗ್ರಾಹಕಗಳನ್ನೂ ಕಂಡು, ತನ್ನಿಂದ ಇದು ಆಗದೆಂದು ಅವರು ಹಿಂಜರಿದಿದ್ದರು. ಹ್ಯಾರಿಸನ್ನರು ಗಿಟಾರಿಗೆ ಅಂಟಿಸಿಕೊಂಡಿದ್ದ ಗೀತೆಗಳ ಪಟ್ಟಿಯಲ್ಲಿ ಡಿಲನ್ನರ ಹೆಸರಿನ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಇತ್ತು. ಆ ಸ್ಥಳ ಬಂದಾಗ ತಿರುಗಿ ನೋಡಿದರೆ, ಡಿಲನ್ನರು ಗಿಟಾರನ್ನು ಹೆಗಲಿಗೇರಿಸಿಕೊಂಡು ಸಂಕೋಚದಿಂದ ಒಳಬರುತ್ತಿದ್ದರಂತೆ. ಅವರ ಹಿಂದೆ ನಿಂತ ಪುಟ್ಟ ಮೇಳವನ್ನು ಲಕ್ಷ್ಯವಿಟ್ಟು ನೋಡಿ: ಗಿಟಾರಿಗೆ ಹ್ಯಾರಿಸನ್, ಪಿಯಾನೋವಾದಕ ರಸೆಲ್ಲರು ಪಿಯಾನೋ ಬಿಟ್ಟು ಬೇಸ್ ಗಿಟಾರ್ ಹಿಡಿದಿದ್ದಾರೆ, ಲೋಕಪ್ರಸಿದ್ಧನಾದ ಡ್ರಮ್ ವಾದಕ ರಿಂಗೋ ಸ್ಟಾರ್ ಡ್ರಮ್ಮುಗಳಿಂದ ಇಳಿದುಬಂದು ಒಂದು ಕಂಜಿರದಂಥ ಕೈವಾದ್ಯವನ್ನು ತಟ್ಟುತ್ತಿದ್ದಾರೆ. ಕೇವಲ ತಾಳ, ಕೇವಲ ಆಧಾರಶ್ರುತಿ, ಅದರ ಮೇಲೆ ಡಿಲನ್ನರ ಕಂಠ. 1962ರಲ್ಲಿ ಬರೆದ, ಘೋರವಾದ ಮಳೆಯೊಂದು ಬರಲಿರುವುದೆಂಬ ಅವರ ಗೀತೆ, ಚಂಡಮಾರುತದಲ್ಲಿ ಕೊಚ್ಚಿಹೋದ ಜನರ ಹೆಸರಿನಲ್ಲಿ ಸೇರಿದ ಆ ಸಭೆಯಲ್ಲಿ ಪಡೆದ ಅರ್ಥವನ್ನು ಯಾವ ವ್ಯಾಖ್ಯಾನಕಾರನೂ ಮೊದಲೇ ಊಹಿಸಿರಲಾರನು. ಇನ್ನೊಂದು ಗೀತೆಯ ಪಲ್ಲವಿಯಲ್ಲಿ ಹ್ಯಾರಿಸನ್ನರೂ ರಸೆಲ್ಲರೂ ಡಿಲನ್ನರ ಧ್ವನಿಗೆ ಧ್ವನಿಗೂಡಿಸುತ್ತಾರೆ. ಡಿಲನ್ನರು ಸಾಹಿತ್ಯವನ್ನು ಕಾಲಪ್ರಮಾಣದಲ್ಲಿ ಎತ್ತಲಿಗೆ ಬೇಕಾದರೂ ಎಳೆಯುವ ಸ್ವಭಾವದವರು. ಅವರ ತುಟಿಗಳನ್ನೇ ನೋಡುತ್ತ, ಅವರು ಎಲ್ಲಿ ನಿಲ್ಲುವರೋ ಅಲ್ಲಿ ನಿಲ್ಲಲು ಸಿದ್ಧರಾಗಿ ಹಾಡುವ ಆ ಇಬ್ಬರನ್ನು ಚಲನಚಿತ್ರದಲ್ಲಿ ಕಂಡಾಗ, ಗಾಯಕನ ಮುಖದ ಮೇಲೆ ಕಣ್ಣು ನೆಟ್ಟು ಕೂತ ನಮ್ಮ ಪಿಟೀಲುವಾದಕರು ನೆನಪಿಗೆ ಬರದಿರಲಾರರು.

ಈ ಎರಡು ಪ್ರದರ್ಶನಗಳ ಪ್ರವೇಶಧನದಿಂದ ಯುನಿಸೆಫ್ ಸಂಸ್ಥೆಗೆ ಸಂದ ಹಣ 2,43,418 ಡಾಲರು 50 ಸೆಂಟು. ರವಿಶಂಕರರು ಮೊದಲು ಆಶಿಸಿದುದಕ್ಕಿಂತ ಹೆಚ್ಚುಕಡಿಮೆ ಹತ್ತು ಪಾಲು. ಧ್ವನಿಮುದ್ರಿಕೆಗಳು ಆ ವರ್ಷದ ಡಿಸೆಂಬರಿನಲ್ಲಿ ಅಮೆರಿಕದಲ್ಲಿಯೂ, ಚಲನಚಿತ್ರವು ಮರುವರ್ಷದಲ್ಲಿಯೂ ಹೊರಬಂದವು. 1973ರಲ್ಲಿ ವರ್ಷದ ಶ್ರೇಷ್ಠ ಧ್ವನಿಮುದ್ರಿಕೆಯೆಂಬ ಗ್ರ್ಯಾಮಿ ಗೌರವವೂ ದೊರೆಯಿತು. ಆದರೆ ಅವುಗಳಿಂದ ಬಂದ ದೊಡ್ಡ ಮೊತ್ತವು, ಸಂಸ್ಥೆಯನ್ನು ಮೊದಲೇ ವಿಧಿವತ್ತಾಗಿ ಸೇರಿಸಿಕೊಳ್ಳದಿದ್ದ ಕಾರಣ, ತೆರಿಗೆಯ ವ್ಯವಹಾರದಲ್ಲಿ ಸಿಕ್ಕಿಕೊಂಡು ವರ್ಷಗಟ್ಟಲೆ ತಡವಾಯಿತು. ಹಸಿದವರಿಗೆ ಅನ್ನ ಬೇಕಾದುದು ಆಗಲೇ ಅಲ್ಲವೆ? ಅಂಥ ಉದಾರವಾದ ಕಾರ್ಯದಲ್ಲಿ ಈ ವಿಳಂಬ ನನ್ನನ್ನು ಇಂದಿಗೂ ನೋಯಿಸುತ್ತದೆ. ತರುವಾಯ ಬಂದ ಸಹಾಯಾರ್ಥ ಕೂಟಗಳು ಲೆಕ್ಕಪತ್ರದಲ್ಲಿ ಹೆಚ್ಚು ಎಚ್ಚರ ವಹಿಸಿದವು. 1985ರ ಜುಲೈ 13ರ 'ಲೈವ್ ಏಡ್' ಎರಡು ಖಂಡಗಳಲ್ಲಿ ಏಕಕಾಲಕ್ಕೆ ನಡೆದು ಉಪಗ್ರಹದ ಮೂಲಕ ಲೋಕವನ್ನೆಲ್ಲ ತಲುಪಿತು. ಆದರೆ ಅಲ್ಲಿ ಬಹುಪಾಲು ಒಂದು ತಂಡ ಇಳಿದು ಮತ್ತೊಂದು ಏರಿತು. ಎಲ್ಲರೂ ಎಲ್ಲರ ಹಿಂದೆ ನಿಂತು ನುಡಿಸುವ ಸೊಗಸಿಗೆ ಅಲ್ಲಿ ಸಮಯವಿರಲಿಲ್ಲ.

ಇಂಥ ಕೂಡುವಿಕೆಗೆ ನಮ್ಮ ನಾಡೂ ಹೊರತಲ್ಲ. ಎಂಬ್ರಿಯೊ ಎಂಬ ಜರ್ಮನಿಯ ರಾಕ್ ತಂಡ 1970ರ ದಶಕದ ಕೊನೆಯಲ್ಲಿ ಭೂಮಾರ್ಗವಾಗಿ ಭಾರತಕ್ಕೆ ಬಂದು, ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ನಿನ ಟಿ. ಎ. ಎಸ್. ಮಣಿ, ಆರ್. ಎ. ರಮಾಮಣಿ ಮೊದಲಾದವರೊಡನೆ ನುಡಿಸಿತು. ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಇವರೊಡನೆ ಕೂಡಿ 1983ರಲ್ಲಿ 'ಜ್ಯೋತಿ' ಎಂಬ ಧ್ವನಿಮುದ್ರಿಕೆಯನ್ನು ಹೊರತಂದರು. ರಮಾಮಣಿಯವರ ರಾಗವಿಸ್ತಾರವನ್ನು ಆ ವಿದೇಶೀ ಊದುವಾದ್ಯ ನೆರಳಿನಂತೆ ಅನುಸರಿಸುವುದನ್ನು ಕೇಳಿದವರಿಗೆ, ಮನೋಧರ್ಮ ಕೂಡಿದರೆ ಸಂಪ್ರದಾಯಗಳ ದೂರ ಅಡ್ಡಿಯಾಗದೆಂಬುದು ತಾನಾಗಿ ಮನದಟ್ಟಾಗುತ್ತದೆ.

ಹ್ಯಾರಿಸನ್ನರು 2001ರ ನವೆಂಬರ್ 29ರಂದು ತೀರಿಕೊಂಡರು. ಸರಿಯಾಗಿ ಒಂದು ವರ್ಷಕ್ಕೆ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಅವರ ಸ್ಮರಣೆಗೆಂದು ಸೇರಿದ ಕೂಟದಲ್ಲಿ ನ್ಯೂಯಾರ್ಕಿನ ಪಂಕ್ತಿಯ ಹಲವರು ಮತ್ತೆ ಕಾಣಿಸಿಕೊಂಡರು: ಪ್ರೆಸ್ಟನ್, ಸ್ಟಾರ್, ಕೆಲ್ಟ್ನರ್, ಫೋರ್ಮನ್. ವ್ಯಸನದಿಂದ ಪಾರಾಗಿ ಬಹುಕಾಲವಾಗಿದ್ದ ಕ್ಲಾಪ್ಟನ್ನರು ಅದರ ಸಂಗೀತ ನಿರ್ವಾಹಕರು. ಅಲ್ಲಿಯೂ ಮೊದಲ ಭಾಗ ಭಾರತೀಯ ಸಂಗೀತಕ್ಕೇ ಮೀಸಲಾಗಿತ್ತು. ರವಿಶಂಕರರು ಶಿಷ್ಯನಿಗಾಗಿ ರಚಿಸಿದ 'ಅರ್ಪಣ್' ಎಂಬ ಕೃತಿಯನ್ನು ಮಗಳು ಅನುಷ್ಕಾ ನಿರ್ದೇಶಿಸಿದರು. ಆ ದೊಡ್ಡ ವೃಂದದ ನಡುವೆ, ಆಕೆಯ ಕೈಸನ್ನೆಗೆ ಕಾದು, ಮರದ ಗಿಟಾರ್ ನುಡಿಸಿದವರು ಕ್ಲಾಪ್ಟನ್. 1971ರಲ್ಲಿ ಬಾರದಿದ್ದ ಪಾಲ್ ಮ್ಯಾಕ್‌ಕಾರ್ಟ್ನಿಯವರು ಈ ಸಲ ಬಂದು, ಅಳುವ ಗಿಟಾರಿನ ಗೀತೆಯನ್ನು ಕ್ಲಾಪ್ಟನ್ನರು ಹಾಡಿ ನುಡಿಸುವಾಗ ಪಿಯಾನೋದ ಮುಂದೆ ಕುಳಿತು ಪಕ್ಕವಾದ್ಯ ಒದಗಿಸಿದರು.

ಎರಡು ಕೂಟಗಳ ಚಿತ್ರಗಳೂ ಮುದ್ರಿಕೆಗಳೂ ಇಂದು ಸುಲಭವಾಗಿ ದೊರೆಯುತ್ತವೆ. ನ್ಯೂಯಾರ್ಕಿನ ಮುದ್ರಿಕೆ 2005ರಲ್ಲಿ ಹೊಸದಾಗಿ ಪ್ರಕಟವಾದಾಗ ಅದರ ಆದಾಯವನ್ನು ಯುನಿಸೆಫಿನಲ್ಲಿ ಹ್ಯಾರಿಸನ್ನರ ಹೆಸರಿನಲ್ಲಿ ಸ್ಥಾಪಿತವಾದ ನಿಧಿಗೆ ಸಲ್ಲಿಸಲಾಯಿತು. ಅದನ್ನು ತರಿಸಿ ಕೇಳುವ ಮನಸ್ಸಾದವರಲ್ಲಿ ನನ್ನದೊಂದು ಪ್ರಾರ್ಥನೆ ಇದೆ. ಮೂಲ ಮುದ್ರಿಕೆಯಲ್ಲಿ ಮೊದಲನೆಯ ತಟ್ಟೆಯ ಮೊದಲನೆಯ ಬದಿ ಪೂರ್ತಿಯಾಗಿ ಸಿತಾರ್ ಸರೋದುಗಳದು. ರಾಕ್ ಸಂಗೀತದ ಅಭಿಮಾನಿಗಳು ಅದನ್ನು ದಾಟಿಸಿ ಎರಡನೆಯ ಬದಿಗೆ ಹೋಗುವುದೂ, ನಮ್ಮ ಸಂಗೀತದ ಅಭಿಮಾನಿಗಳು ಆ ಒಂದು ಬದಿಯನ್ನು ಮಾತ್ರ ಕೇಳಿ ಎದ್ದುಬಿಡುವುದೂ ಉಂಟು. ದಯಮಾಡಿ ಆರು ಬದಿಗಳನ್ನೂ ಕ್ರಮವಾಗಿ, ಒಂದೇ ಸಂಜೆಯಲ್ಲಿ, ಆ ಸಭೆ ಕೇಳಿದಂತೆಯೇ ಕೇಳಿರಿ.